ಮೂರು ಚಕ್ರದ ಮೇಲೆ ಲಂಕೆಯ ಮಲೆನಾಡು

“ಆಟೋರಿಕ್ಷಾ ಹತ್ತುವುದಕ್ಕೆ ಸಮುದ್ರ ದಾಟಬೇಕಾಗಿತ್ತೇ?” ಎಂದು ನನ್ನ ಪತ್ನಿ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಕಾಸರಗೋಡಿನ ಬಸ್ ನಿಲ್ದಾಣದ ಮುಂದೆ ದಿನವಿಡೀ ಸಾಲುಗಟ್ಟಿ ನಿಲ್ಲುವ ವಾಹನವನ್ನೇ ಶ್ರೀಲಂಕಾದ ಬೆಟ್ಟದ ಊರೊಂದರಲ್ಲಿ ಒಂದು ದಿನದ ಮಟ್ಟಿಗೆ ಗೊತ್ತುಮಾಡಿಕೊಂಡು, ಅದರ ಚಾಲಕನನ್ನೇ ಮಾರ್ಗದರ್ಶಕನೆಂದು ನಂಬಿ, ನಾವು ಮೂವರು ಹೊರಟು ನಿಂತಿದ್ದೆವು. ಅಲ್ಲಿಯ ಜನ ಅದನ್ನು ‘ತ್ರೀವೀಲ್’ ಎನ್ನುತ್ತಾರೆ. ವಿದೇಶೀ ಪ್ರವಾಸಿಗರ ಬಾಯಲ್ಲಿ ಅದು ‘ಟುಕ್‌ಟುಕ್’. ಹತ್ತಿರ ಹೋಗಿ ನೋಡಿದರೆ ನಮ್ಮ ಪುಣೆಯ ಬಜಾಜ್ ಕಂಪೆನಿಯ ಗಾಡಿ. ದೂರದ ಊರಿನಲ್ಲಿ ನೆರೆಮನೆಯವರನ್ನು ಕಂಡಂತಾಯಿತು.

ಊರಿನ ಹೆಸರು ‘ಎಲ್ಲ’. ಸಿಂಹಳದಲ್ಲಿ ಆ ಶಬ್ದಕ್ಕೆ ಜಲಪಾತವೆಂದು ಅರ್ಥ. “ಎಲ್ಲಕ್ಕೆ ಬಂದಮೇಲೆ ಎಲ್ಲವನ್ನೂ ನೋಡಿಯೇ ಹೋಗಬೇಕು” ಎಂದು ಮಗಳು ಹಿಂದಿನ ರಾತ್ರಿಯೇ ತೀರ್ಪು ಕೊಟ್ಟಿದ್ದಳು. ಅವಳು ಆಗತಾನೆ ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿಯನ್ನು ಮುಗಿಸಿದ್ದಳು. ಎಂಟನೆಯ ತರಗತಿಗೆ ಕನ್ನಡದಲ್ಲಿಯೇ ಮುಂದುವರಿಯುವುದೋ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವುದೋ ಎಂಬುದು ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ತೀರದ ವ್ಯಾಜ್ಯವಾಗಿತ್ತು. ಈ ಪತ್ರಿಕೆಯ ಓದುಗರ ಮನೆಗಳಲ್ಲಿ ಈ ವ್ಯಾಜ್ಯ ಹೊಸದಲ್ಲ. ನ್ಯಾಯಾಲಯಕ್ಕೆ ಬೇಸಗೆಯ ರಜೆ ಬಂದಾಗ, ಆ ಪ್ರಶ್ನೆಯನ್ನು ಊರಿನಲ್ಲಿಯೇ ಬಿಟ್ಟು ಹೊರಟಿದ್ದೇವೆಂದು ನಾನು ಭಾವಿಸಿದ್ದೆ.

ಕೊಲಂಬೊದಿಂದ ಎಲ್ಲಕ್ಕೆ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಹಗಲಿನ ಪ್ರಯಾಣ. ತೋಟಗಳ ಚಹವನ್ನು ಬಂದರಿಗೆ ಸಾಗಿಸುವುದಕ್ಕಾಗಿ ಬ್ರಿಟಿಷರು ಬೆಟ್ಟದಿಂದ ಬೆಟ್ಟಕ್ಕೆ ಏರಿಸಿದ ಈ ಹಳಿ ಕೊನೆಯ ನಿಲ್ದಾಣವಾದ ಬದುಳ್ಳವನ್ನು ತಲುಪಿದ್ದು 1924ರಲ್ಲಿ. ಪ್ರತಿಯೊಂದು ನಿಲ್ದಾಣದ ಫಲಕದಲ್ಲೂ ಸಿಂಹಳ, ತಮಿಳು, ಇಂಗ್ಲಿಷ್ ಮೂರು ಲಿಪಿಗಳು. ಸಿಂಹಳದ ದುಂಡನೆಯ ಅಕ್ಷರಗಳನ್ನು ಕಂಡು, “ಅಪ್ಪಾ, ಇದು ನಮ್ಮ ಅಕ್ಷರದ ದೂರದ ಸಂಬಂಧಿಯಿರಬೇಕು” ಎಂದಳು ಮಗಳು. ಸಪ್ತಭಾಷೆಗಳ ಊರಿನಲ್ಲಿ ಹುಟ್ಟಿದ ಮಗುವಿಗೆ ಫಲಕಗಳನ್ನು ಓದುವ ಚಟ ಸಹಜವಾಗಿಯೇ ಬರುತ್ತದೆ.

ನಮ್ಮ ಚಾಲಕ ಮೂವತ್ತೈದರ ಆಸುಪಾಸಿನ ತಮಿಳು ಯುವಕ. ಹಪುತಳೆಯ ಸಮೀಪದ ಚಹದ ತೋಟವೊಂದರಲ್ಲಿ ಹುಟ್ಟಿ ಬೆಳೆದವನು. ಪ್ರವಾಸಿಗರೊಡನೆ ಇಂಗ್ಲಿಷ್, ಪೋಲೀಸರೊಡನೆ ಸಿಂಹಳ, ಮನೆಯಲ್ಲಿ ತಮಿಳು. ನನ್ನ ಮಲಯಾಳಕ್ಕೆ ಒಂದಿಷ್ಟು ತಮಿಳಿನ ಒಗ್ಗರಣೆ ಹಾಕಿದಾಗ ಅವನ ಮುಖ ಅರಳಿತು. ಆ ಕ್ಷಣದಿಂದ ನಾವು ಗಿರಾಕಿಗಳಾಗಿ ಉಳಿಯಲಿಲ್ಲ.

ಬೆಳಗಿನ ಐದು ಗಂಟೆಗೆ ಹೊರಟೆವು. ಎಲ್ಲದಿಂದ ಬಂಡಾರವೆಲದ ಮೂಲಕ ಹಪುತಳೆಗೆ ಇಪ್ಪತ್ತು–ಇಪ್ಪತ್ತೈದು ಕಿಲೋಮೀಟರು ದಾರಿ. ಸಮುದ್ರಮಟ್ಟದಿಂದ ಸುಮಾರು 1,000 ಮೀಟರು ಎತ್ತರದಲ್ಲಿ ಆರಂಭವಾದ ಪ್ರಯಾಣ ಹಪುತಳೆಯ ಹೊತ್ತಿಗೆ 1,400 ಮೀಟರನ್ನು ದಾಟುತ್ತದೆ. ಬೆಟ್ಟದ ಹಳ್ಳಿಗಳಿಗೆ ಈ ವಾಹನ ಏಕೆ ಹೇಳಿ ಮಾಡಿಸಿದಂತಿದೆ ಎಂಬುದು ಬೇಗನೆ ತಿಳಿಯಿತು. ಕಾರು ಹಿಂದೆಗೆಯುವ ತಿರುವಿನಲ್ಲಿ ಇದು ಒಂದೇ ಸುತ್ತಿಗೆ ತಿರುಗುತ್ತದೆ. ಬದಿಗಳು ತೆರೆದಿರುವುದರಿಂದ ಬೇಕರಿಯ ರೊಟ್ಟಿಯ ವಾಸನೆ, ಕೋವಿಲಿನ ಗಂಟೆ, ಬೌದ್ಧ ವಿಹಾರದ ಪಠಣ ಎಲ್ಲವೂ ಒಳಗೆ ಬರುತ್ತವೆ. ವೇಗ ಕಡಿಮೆಯಾದುದರಿಂದ ಶಾಲೆಗೆ ಹೊರಟ ಮಕ್ಕಳ ಮುಖ ಗುರುತಿಗೆ ಸಿಗುತ್ತದೆ. ಏರಿನಲ್ಲಿ ಗಾಡಿ ಏದುಸಿರು ಬಿಟ್ಟಾಗ ನಾವು ಮೂವರೂ ಅರಿಯದೆಯೇ ಮುಂದಕ್ಕೆ ಬಾಗುತ್ತಿದ್ದೆವು.

ಹಪುತಳೆಯಿಂದ ದಂಬತೆನ್ನೆಯ ಕಡೆಗೆ ತಿರುಗಿದರೆ ಮತ್ತೆ ಚಹದ ಗಿಡಗಳ ಹೊರತು ಬೇರೇನೂ ಕಾಣುವುದಿಲ್ಲ. ಈ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕಿನ ರೋಗ ಮುಂದಿನ ಎರಡು ದಶಕಗಳಲ್ಲಿ ಕಾಫಿಯನ್ನು ನಾಶಮಾಡಿತು. ಜೇಮ್ಸ್ ಟೇಲರ್ ಎಂಬ ಸ್ಕಾಟ್ಲೆಂಡಿನವನು 1867ರಲ್ಲಿಯೇ ಲೂಲ್‌ಕಂದೂರದಲ್ಲಿ ಚಹವನ್ನು ನೆಟ್ಟಿದ್ದನು. ಕಾಫಿ ಹೋದ ಜಾಗಕ್ಕೆ ಚಹ ಬಂತು. 1890ರಲ್ಲಿ ಥಾಮಸ್ ಲಿಪ್ಟನ್ ದಂಬತೆನ್ನೆಯ ಕಾರ್ಖಾನೆಯನ್ನು ಕಟ್ಟಿಸಿದನು. ಅದು ಇಂದಿಗೂ ನಡೆಯುತ್ತಿದೆ. ಬೆಳೆ ಬದಲಾಯಿತು, ಒಡೆಯರು ಬದಲಾದರು. ಬದಲಾಗದೆ ಉಳಿದವರು ತಮಿಳುನಾಡಿನಿಂದ ಕರೆತಂದ ಕೂಲಿಗಳು ಮತ್ತು ಅವರ ಸಂತತಿ.

ಕಾರ್ಖಾನೆಯಿಂದ ಮೇಲೇರಿದ ಕೊನೆಯ ಏಳು ಕಿಲೋಮೀಟರು ನಮ್ಮ ಗಾಡಿಯ ನಿಜವಾದ ಪರೀಕ್ಷೆ. ‘ಲಿಪ್ಟನ್ನನ ಆಸನ’ವೆಂಬ ಆ ನೆತ್ತಿಯನ್ನು ಮಂಜು ಮುಸುಕುವ ಮೊದಲೇ ತಲುಪಬೇಕೆಂದು ಅಷ್ಟು ಬೇಗ ಎಬ್ಬಿಸಿದ್ದು ಸಾರ್ಥಕವಾಯಿತು. ಕೆಳಗೆ ಹಸುರಿನ ಮೆಟ್ಟಿಲುಗಳು, ಅವುಗಳಾಚೆ ದಕ್ಷಿಣದ ಬಯಲು, ಬಯಲಿನಾಚೆ ಮಸುಕಾದ ಗೆರೆ. ತೋಟದ ಒಡೆಯನು ಕುಳಿತು ತನ್ನ ಸಾಮ್ರಾಜ್ಯವನ್ನು ನೋಡುತ್ತಿದ್ದ ಜಾಗವಿದು. ಚಾಲಕ ಅತ್ತ ನೋಡಲಿಲ್ಲ. ಕೈಯೆತ್ತಿ ಕೆಳಗಿನ ಬೇರೊಂದು ದಿಕ್ಕನ್ನು ತೋರಿಸಿದ. ಅಲ್ಲಿ ಕೊಸ್ಲಂದದ ಬಳಿ ಮೀರಿಯಬೆದ್ದ ಎಂಬ ತೋಟದ ಮೇಲೆ 2014ರ ಅಕ್ಟೋಬರ್ 29ರ ಬೆಳಿಗ್ಗೆ ಗುಡ್ಡ ಕುಸಿದು, ಕೂಲಿಗಳ ಮನೆಗಳ ಸಾಲೇ ಮಣ್ಣಿನಡಿಯಾಗಿತ್ತು. “ಅಪಾಯದ ಜಾಗ, ಬಿಟ್ಟುಹೋಗಿ ಎಂದು ಹೇಳಿದ್ದರಂತೆ. ಬಿಟ್ಟು ಹೋಗುವುದೆಲ್ಲಿಗೆ? ಮನೆಯೂ ನಮ್ಮದಲ್ಲ, ನೆಲವೂ ನಮ್ಮದಲ್ಲ” ಎಂದನು. ಅಷ್ಟರಲ್ಲಿ ಮಂಜು ಬಂದು ಎಲ್ಲವನ್ನೂ ಮುಚ್ಚಿತು.

ಇಳಿಯುವ ದಾರಿಯಲ್ಲಿ ಅವನು ಹುಟ್ಟಿದ ‘ಲಯ’ವನ್ನು ತೋರಿಸಿದನು. ಒಂದೇ ಮಾಡಿನ ಕೆಳಗೆ ಬೆನ್ನಿಗೆ ಬೆನ್ನು ತಾಗಿಸಿ ಕಟ್ಟಿದ ಕೋಣೆಗಳ ಸಾಲು, ಕೋಣೆಗೊಂದು ಸಂಸಾರ. ಅಂಗಳದಲ್ಲಿ ಒಣಗಿದ ಬಟ್ಟೆ, ಬೀನ್ಸಿನ ಚಪ್ಪರ, ಗೋಡೆಯ ಮೇಲೆ ಮುರುಗನ ಚಿತ್ರ. ಅವನ ತಾಯಿ ಕೊಟ್ಟ ಕಪ್ಪು ಚಹವನ್ನು ಬೆಲ್ಲ ಕಚ್ಚಿಕೊಂಡು ಕುಡಿದೆವು. ಎರಡೆಲೆ ಒಂದು ಕುಡಿ ಕಿತ್ತು ಕಿತ್ತು ಆಕೆಯ ಬೆರಳ ತುದಿಗಳು ಕಪ್ಪಾಗಿ ಸೀಳಿದ್ದವು.

ಆಕೆ ಡಬ್ಬಿಯೊಂದರಿಂದ ಕಾಗದಗಳನ್ನು ತೆಗೆದಳು. ವಕೀಲ ಬಂದಿದ್ದಾನೆಂದು ತಿಳಿದರೆ ಯಾವ ದೇಶದಲ್ಲಾದರೂ ಡಬ್ಬಿ ತೆರೆಯುತ್ತದೆಂದು ಕಾಣುತ್ತದೆ. ಗಂಡನ ಹೆಸರು ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಬರೆದುಕೊಂಡವನಿಗೆ ತಮಿಳು ಬಾರದು. ಹೇಳಿದವನಿಗೆ ಬರೆದದ್ದನ್ನು ಓದಲು ಬಾರದು. ಅದೊಂದು ಅಕ್ಷರದ ತಪ್ಪಿಗಾಗಿ ಅವರು ವರ್ಷಗಟ್ಟಲೆ ಕಚೇರಿಯ ಮೆಟ್ಟಿಲು ಹತ್ತಿದ್ದರು.

ಈ ಜನರ ಕಥೆ ಕಾನೂನಿನ ವಿದ್ಯಾರ್ಥಿಗಳು ಓದಲೇಬೇಕಾದದ್ದು. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯಿದೆ ಹುಟ್ಟಿನ ದಾಖಲೆಗಳನ್ನು ತಲೆಮಾರುಗಳ ಹಿಂದಿನಿಂದ ಕೇಳಿತು. ಕಾಗದವಿಲ್ಲದ ತೋಟದ ತಮಿಳರು ಸುಮಾರು 7 ಲಕ್ಷ ಮಂದಿ ಯಾವ ದೇಶದವರೂ ಅಲ್ಲದಂತಾದರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದ 5,25,000 ಮಂದಿಯನ್ನು ಭಾರತಕ್ಕೂ 3,00,000 ಮಂದಿಯನ್ನು ಸಿಲೋನಿಗೂ ಹಂಚಿತು. ಉಳಿದ 1,50,000 ಮಂದಿಯನ್ನು 1974ರಲ್ಲಿ ಸರಿಪಾಲು ಮಾಡಲಾಯಿತು. ಉಳಿದುಕೊಂಡವರ ಪೌರತ್ವದ ಪ್ರಶ್ನೆ 2003ರ ಕಾಯಿದೆಯವರೆಗೂ ಎಳೆಯಿತು.

ಚಾಲಕನ ಅಜ್ಜನ ತಮ್ಮ ಹೀಗೆ ಭಾರತದ ಪಾಲಿಗೆ ಬಂದು ನೀಲಗಿರಿಗೆ ಹೋದವನು. ಕೆಲವು ಕಾಗದಗಳ ನಂತರ ಸುದ್ದಿಯಿಲ್ಲ. ನೀಲಗಿರಿಯ ನಮ್ಮ ಓದುಗರಿಗೆ ಈ ಕುಟುಂಬಗಳ ಪರಿಚಯವಿದೆ. ನಮಗೆ ಕಾಸರಗೋಡಿನವರಿಗೂ ಇರಬೇಕಾಗಿತ್ತು. ಗಡಿಯಾಚೆಗಿನ ಸುಳ್ಯ, ಪುತ್ತೂರುಗಳ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಂಡವರು ಇವರೇ. ಆ ಕಾಲನಿಗಳ ಮುಂದೆ ನಾನು ಎಷ್ಟೋ ಸಲ ಹಾದುಹೋಗಿದ್ದೇನೆ. ‘ತಮಿಳು ಕೂಲಿಗಳು’ ಎಂದುಕೊಂಡದ್ದಲ್ಲದೆ, ಎಲ್ಲಿಂದ ಬಂದಿರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಹತ್ತೂವರೆಯ ಹೊತ್ತಿಗೆ ಚಾಲಕ ತೋಟದ ಶಾಲೆಯೊಂದರ ಬಾಗಿಲಿನಲ್ಲಿ ಗಾಡಿ ನಿಲ್ಲಿಸಿದನು. ಐದನೆಯ ತರಗತಿಯಲ್ಲಿರುವ ಅವನ ಮಗಳು ಮರೆತು ಬಂದಿದ್ದ ಬುತ್ತಿಯನ್ನು ಕೊಡಬೇಕಾಗಿತ್ತು. ಬಿಳಿಯ ಸಮವಸ್ತ್ರದ ಪುಟ್ಟ ಹುಡುಗಿ ಓಡಿಬಂದಳು. ಅವಳ ಕಲಿಕೆ ತಮಿಳಿನಲ್ಲಿ. ಜೊತೆಗೆ ಸಿಂಹಳ, ಇಂಗ್ಲಿಷ್. ಐದನೆಯ ತರಗತಿಯ ವಿದ್ಯಾರ್ಥಿವೇತನ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಳೆ. ಇವಳ ಮುತ್ತಜ್ಜಿಯ ಕಾಲದಲ್ಲಿ ತೋಟದ ಶಾಲೆಯೆಂದರೆ ಒಡೆಯರು ನಡೆಸುವ, ಒಬ್ಬನೇ ಉಪಾಧ್ಯಾಯನಿರುವ ಕೋಣೆ. ತೋಟಗಳು 1970ರ ದಶಕದಲ್ಲಿ ರಾಷ್ಟ್ರೀಕರಣಗೊಂಡ ನಂತರವೇ ಸರಕಾರ ಆ ಶಾಲೆಗಳನ್ನು ಹಂತಹಂತವಾಗಿ ವಹಿಸಿಕೊಂಡದ್ದು. ನನ್ನ ಮಗಳು ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿದಳು. ಆ ಮಗು ಅದರ ಕೆಳಗೆ ತನ್ನ ಹೆಸರನ್ನು ತಮಿಳಿನಲ್ಲಿಯೂ ಸಿಂಹಳದಲ್ಲಿಯೂ ಬರೆದಳು. ಗಂಟೆ ಬಾರಿಸಿತು, ಓಡಿದಳು.

“ನಮ್ಮ ತಂದೆಯ ಕಾಗದ ಕೆಡಿಸಿದ್ದು ಓದು ಇಲ್ಲದ್ದು. ಇವಳು ತನ್ನ ಹೆಸರನ್ನು ತಾನೇ ತಿದ್ದಬಲ್ಲಳು” ಎಂದ ಚಾಲಕ, ಗಾಡಿ ಹೊರಡಿಸುವ ಮೊದಲು ಹಿಂತಿರುಗಿ ಕೇಳಿದನು: “ನಿಮ್ಮದೂ ನಿಮ್ಮ ರಾಜ್ಯದಲ್ಲಿ ಸಣ್ಣ ಭಾಷೆ ಎಂದಿರಲ್ಲ, ಕಚೇರಿಗೆ ನೀವು ಯಾವ ಭಾಷೆಯಲ್ಲಿ ಅರ್ಜಿ ಬರೆಯುತ್ತೀರಿ?”

“ಇಂಗ್ಲಿಷಿನಲ್ಲಿ” ಎಂದೆ. ಅವನು ತಲೆಯಾಡಿಸಿದನು. ಆಕ್ಷೇಪವೇನೂ ಇರಲಿಲ್ಲ, ಆದರೆ ಮುಂದಿನ ಹತ್ತು ತಿರುವುಗಳಲ್ಲಿ ನಾನು ಹೊರಗೆ ಏನನ್ನೂ ನೋಡಲಿಲ್ಲ.

1956ರ ಜುಲೈಯಲ್ಲಿ ಸಿಲೋನ್ ಸಂಸತ್ತಿನ ಕಾಯಿದೆ ಸಿಂಹಳವೊಂದನ್ನೇ ಅಧಿಕೃತ ಭಾಷೆಯನ್ನಾಗಿಸಿತು. ಅದೇ ವರ್ಷದ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಎರಡಕ್ಕೂ ಹೋಲಿಕೆ ಅತಿಯಾಗಬಾರದು. ಅವರು ತೆತ್ತ ಬೆಲೆಯನ್ನು ನಾವು ತೆತ್ತಿಲ್ಲ. ಅಲ್ಲಿ ತಮಿಳಿಗೂ ಅಧಿಕೃತ ಸ್ಥಾನ ದೊರೆತದ್ದು 1987ರ ಹದಿಮೂರನೆಯ ತಿದ್ದುಪಡಿಯಿಂದ. ಅಲ್ಲಿಯ ಸಂವಿಧಾನದ 21ನೆಯ ವಿಧಿ, ರಾಷ್ಟ್ರಭಾಷೆಗಳೆರಡರಲ್ಲಿ ಯಾವುದರ ಮೂಲಕವಾದರೂ ಶಿಕ್ಷಣ ಪಡೆಯುವುದು ವ್ಯಕ್ತಿಯ ಹಕ್ಕು ಎನ್ನುತ್ತದೆ. ನಮ್ಮ ಸಂವಿಧಾನದ 350ಎ ವಿಧಿ, ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯ ‘ಪ್ರಯತ್ನಿಸತಕ್ಕದ್ದು’ ಎನ್ನುತ್ತದೆ. ಹಕ್ಕಿಗೂ ಪ್ರಯತ್ನಕ್ಕೂ ಇರುವ ಅಂತರವನ್ನು ವಕೀಲನಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ‘ಹಕ್ಕು’ ಎಂದು ಬರೆದಿರುವ ದೇಶದಲ್ಲಿಯೂ ಆ ತಾಯಿಯ ಡಬ್ಬಿಯ ಕಾಗದ ತಪ್ಪಾಗಿಯೇ ಇತ್ತು. ಕೇರಳದ ಅಧಿಕೃತ ಭಾಷಾ ಕಾನೂನು ಕನ್ನಡಿಗರಿಗೆ ಸ್ಥಳೀಯ ಕಚೇರಿಗಳೊಡನೆ ಕನ್ನಡದಲ್ಲಿಯೇ ವ್ಯವಹರಿಸಲು ಅವಕಾಶ ಕೊಟ್ಟಿದೆ. ಸಭೆಗಳಲ್ಲಿ ನಾನು ಅದನ್ನು ಎತ್ತಿ ಹೇಳಿದ್ದೇನೆ. ಬರೆಯುವಾಗ ಮಾತ್ರ, ಬೇಗ ಕೆಲಸವಾಗಲೆಂದು, ಇಂಗ್ಲಿಷಿನಲ್ಲಿ ಬರೆದಿದ್ದೇನೆ.

ಮಧ್ಯಾಹ್ನ ದೆಮೋದರದಲ್ಲಿ ರೈಲು ಗುಡ್ಡವನ್ನು ಸುತ್ತಿ ತನ್ನದೇ ಹಳಿಯ ಕೆಳಗಿನ ಸುರಂಗವನ್ನು ಹೊಗುವ ಚಮತ್ಕಾರವನ್ನು ಕಂಡೆವು; ನಿಲ್ದಾಣವೇ ಸುರಂಗದ ನೆತ್ತಿಯ ಮೇಲಿದೆ. ಎಲ್ಲದ ಸಮೀಪದ ಒಂಬತ್ತು ಕಮಾನಿನ ಸೇತುವೆಗೆ ಇಳಿಯುವಷ್ಟರಲ್ಲಿ ಗುಡುಗು ಮಳೆ ಸುರಿಯಿತು. ಕಲ್ಲು, ಇಟ್ಟಿಗೆ, ಸಿಮೆಂಟುಗಳಿಂದಲೇ 1921ರಲ್ಲಿ ಪೂರ್ಣಗೊಂಡ ಆ ಸೇತುವೆಯನ್ನು ನಾವು ನೋಡಿದ್ದು ಗಾಡಿಯ ಬದಿಗಿಳಿಬಿಟ್ಟ ಪ್ಲಾಸ್ಟಿಕ್ ಪರದೆಯ ಮೂಲಕ.

ಮಕ್ಕಳೊಡನೆ ಹೋಗಬಯಸುವವರಿಗೆ ಎರಡು ಮಾತು. ಬಾಡಿಗೆಯನ್ನೂ ನಿಲ್ಲುವ ಸ್ಥಳಗಳನ್ನೂ ಹೊರಡುವ ಮೊದಲೇ ನಿಶ್ಚಯಿಸಿಕೊಳ್ಳಿ. ಬೆಚ್ಚನೆಯ ಬಟ್ಟೆಯೂ ಕೊಡೆಯೂ ಜೊತೆಯಲ್ಲಿರಲಿ. ಸಾಧ್ಯವಾದರೆ ತೋಟದಲ್ಲಿ ಹುಟ್ಟಿದ ಚಾಲಕನನ್ನೇ ಆರಿಸಿಕೊಳ್ಳಿ. ಫಲಕಗಳು ಹೇಳದ್ದನ್ನು ಅವನು ಹೇಳುತ್ತಾನೆ.

ಜೂನ್ ತಿಂಗಳಲ್ಲಿ ಮಗಳು ಎಂಟನೆಯ ತರಗತಿಗೆ ಸೇರಿದಳು, ಕನ್ನಡ ಮಾಧ್ಯಮದಲ್ಲಿಯೇ. ಇದು ಪ್ರವಾಸದ ಫಲವೆಂದು ನಾನು ವಾದಿಸಲಾರೆ. ಗೆಳತಿಯರೆಲ್ಲ ಅಲ್ಲಿರುವುದೇ ಬಲವಾದ ಕಾರಣವಿರಬಹುದು. ನನ್ನ ಮಟ್ಟಿಗೆ ಆದದ್ದು ಇಷ್ಟೆ: ಕಕ್ಷಿಗಾರರೊಬ್ಬರ ಪರವಾಗಿ ಕಚೇರಿಯೊಂದಕ್ಕೆ ಬರೆಯಬೇಕಾಗಿದ್ದ ಅರ್ಜಿಯನ್ನು ಕನ್ನಡದಲ್ಲಿ ಬರೆದೆ. ಕಾನೂನಿನ ಕನ್ನಡ ಶಬ್ದಗಳಿಗೆ ತಡಕಾಡಿ, ಒಂದು ಪುಟಕ್ಕೆ ಒಂದು ಸಂಜೆ ಹಿಡಿಯಿತು. ಮೂರು ವಾರಗಳ ಮೇಲೆ ಉತ್ತರ ಬಂತು, ಮಲಯಾಳದಲ್ಲಿ. ಕಕ್ಷಿಗಾರರಿಗೆ ಅದನ್ನು ಓದಲು ಬಾರದು. ಕನ್ನಡದಲ್ಲಿ ಉತ್ತರ ಕೊಡಬೇಕೆಂದು ಕೇಳಿ ಎರಡನೆಯ ಅರ್ಜಿ ಬರೆದಿದ್ದೇನೆ. ಈ ಸಲ ಅರ್ಧ ಸಂಜೆ ಸಾಕಾಯಿತು.