ಲಾಹಿರಿ ಹೊಡೆದ ಚೆಂಡು

ನಮ್ಮ ಸಾಸ್ವೆಹಳ್ಳಿಯಲ್ಲಿ ಅನಿರ್ಬಾನ್ ಲಾಹಿರಿಯ ಹೆಸರು ಎತ್ತಿದವನು ಬಹುಶಃ ನಾನೊಬ್ಬನೇ. ಕ್ರಿಕೆಟ್ಟಾದರೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಟೀ ಸೋಸುವ ಹುಡುಗನೂ ರನ್ನು, ವಿಕೆಟ್ಟು ಒಪ್ಪಿಸುತ್ತಾನೆ. ದಾವಣಗೆರೆಯ ವಿನಯ್ ಕುಮಾರ್ ಅಂದರಂತೂ ಮಾತು ಮುಗಿಯುವುದೇ ಇಲ್ಲ. ಗಾಲ್ಫ್ ಅಂದರೆ ಮಾತ್ರ, "ಅದೇ, ಸಾವ್ಕಾರ್ರು ಛತ್ರಿ ಹಿಡಿಸ್ಕೊಂಡು ಆಡ್ತಾರಲ್ಲ, ಅದಾ?" ಅನ್ನುವ ಪ್ರಶ್ನೆ ಬರುತ್ತದೆ.

ಅಡಿಕೆ ಕೊಯ್ಲು ಶುರುವಾಯಿತೆಂದರೆ ನಮ್ಮ ಮನೆಯ ಹಿತ್ತಿಲಲ್ಲಿ ರಾತ್ರಿಯೂ ಒಲೆ ಆರುವುದಿಲ್ಲ. ಒಂದು ಕಡೆ ಸುಲಿಯುವವರು, ಇನ್ನೊಂದು ಕಡೆ ಹಂಡೆಯಲ್ಲಿ ಚೊಗರಿನ ಜೊತೆ ಕುದಿಯುವ ಅಡಿಕೆ, ಒಲೆ ಬಾಯಿಗೆ ಸೌದೆ ನೂಕುತ್ತ ಕೂತಿರುವ ನಮ್ಮ ಅಕ್ಕನ ಮಗ. ನಿದ್ದೆ ತೂಗಿದರೆ ಬೆಂದದ್ದು ಹೆಚ್ಚು ಕಡಿಮೆಯಾಗುತ್ತದೆ. ಅದಕ್ಕೆ ಯಾರಾದರೂ ಮಾತಾಡುತ್ತಿರಬೇಕು. "ಮಾವ, ಆ ಉದ್ದ ಹೊಡೆಯೋನ ಕತೆ ಹೇಳು" ಅಂತ ಅಳಿಯ ಶುರುಮಾಡುತ್ತಾನೆ. ಹೇಳಿದ್ದನ್ನೇ ಹೇಳಿಸುವುದರಲ್ಲಿ ಅವನಿಗೆ ಏನು ಸುಖವೋ.

ನಾನು ಬೆಂಗಳೂರಿನ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲಿನ ಕೆಲಸಕ್ಕಿದ್ದವನು. ಬೆಳಕು ಹರಿಯುವ ಮೊದಲೇ ಗ್ರೀನಿಗೆ, ಅಂದರೆ ಕುಳಿಯ ಸುತ್ತಲಿನ ನುಣ್ಣನೆ ಹುಲ್ಲಿಗೆ, ಮೆಷಿನ್ ಹಾಯಿಸಬೇಕು, ಇಬ್ಬನಿ ಒರೆಸಬೇಕು, ನಿನ್ನೆಯ ಕುಳಿ ಮುಚ್ಚಿ ಬೇರೆ ಜಾಗದಲ್ಲಿ ಹೊಸ ಕುಳಿ ಕೊರೆಯಬೇಕು. ಕುಳಿಯ ಅಗಲ ಲೋಕದ ಯಾವ ಮೈದಾನಕ್ಕೆ ಹೋದರೂ ಒಂದೇ, ನಾಲ್ಕೂಕಾಲು ಇಂಚು. ಕಬ್ಬಿಣದ ಕೊಳವೆಯನ್ನು ಎರಡೂ ಕೈಯಲ್ಲಿ ತಿರುವಿ ಒತ್ತಿದರೆ ಹುಲ್ಲು, ಬೇರು, ಮರಳು ಒಂದೇ ಗಟ್ಟಿಯಾಗಿ ಮೇಲೆ ಬರುತ್ತದೆ. ಅದನ್ನು ಒಯ್ದು ಹಳೆಯ ಕುಳಿಗೆ ಕೂರಿಸಿ, ತುಳಿದು, ನೀರು ಚಿಮುಕಿಸಿದರೆ ಅಲ್ಲೊಂದು ಕುಳಿ ಇತ್ತು ಅನ್ನುವ ಗುರುತೂ ಸಿಗುವುದಿಲ್ಲ. ಆ ಕೆಲಸ ಮಾಡಿದವನಿಗೆ ಆಟಗಾರನ ಉದ್ದ ಹೊಡೆತ ನೋಡಿ ಬೆರಗಾಗುವುದು ಬೇಗ ಬಿಟ್ಟುಹೋಗುತ್ತದೆ. ಮುನ್ನೂರು ಗಜ ಹೊಡೆಯುವ ಹುಡುಗರು ಎಷ್ಟೋ ಜನ ಬರುತ್ತಾರೆ, ಹೋಗುತ್ತಾರೆ. ಆಟಗಾರರ ಚೀಲ ಹೊರುವ ಕ್ಯಾಡಿಗಳು ಒಬ್ಬನನ್ನು ತೂಗಿ ನೋಡುವುದು ಅವನು ಕುಳಿಯಿಂದ ನಾಲ್ಕಡಿ ದೂರ ನಿಂತಾಗ. ಆ ಕ್ಯಾಡಿಗಳ ನಡುವಿನಿಂದಲೇ ಎದ್ದುಬಂದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಕೊರಿಯಾದ ಆಟಗಾರನ ಜೊತೆ ಸಮವಾಗಿ, ಅವನನ್ನು ಪ್ಲೇಆಫ್‌ನಲ್ಲಿ ಸೋಲಿಸಿ ಇಂಡಿಯನ್ ಓಪನ್ ಗೆದ್ದರು. ಅದು ಬೇರೆಯೇ ಕತೆ, ಇನ್ನೊಂದು ರಾತ್ರಿಗೆ.

ಲಾಹಿರಿ ಹುಟ್ಟಿದ್ದು ಪುಣೆಯಲ್ಲಿ, 1987ರಲ್ಲಿ. ಅಪ್ಪ ಮಿಲಿಟರಿ ಡಾಕ್ಟರು. ಊರೂರು ಕಂಟೋನ್ಮೆಂಟ್ ಸುತ್ತುತ್ತ ಬೆಳೆದವನಿಗೆ ಅಪ್ಪನೇ ಆಟದ ಮೊದಲ ಪಾಠ ಹೇಳಿಕೊಟ್ಟವರು. ಆಮೇಲೆ ಬೆಂಗಳೂರಿಗೆ ಬಂದು ವಿಜಯ್ ದಿವೇಚಾ ಅನ್ನುವ ಕೋಚ್ ಹತ್ತಿರ ಪಳಗಿದ. 2007ರಲ್ಲಿ ಪ್ರೊಫೆಷನಲ್ ಆದ.

"ಪ್ರೊಫೆಷನಲ್ ಅಂದ್ರೆ ಸಂಬಳ ಎಷ್ಟು?" ಇದು ನಮ್ಮ ದೊಡ್ಡಪ್ಪನ ಪ್ರಶ್ನೆ, ಪ್ರತಿ ಸಲ.

ಸಂಬಳ ಇಲ್ಲ ದೊಡ್ಡಪ್ಪ. ನಾಲ್ಕು ದಿನದ ಆಟ. ಎರಡು ದಿನ ಮುಗಿದ ಮೇಲೆ ಒಂದು ಗೆರೆ ಎಳೆಯುತ್ತಾರೆ, ಅದಕ್ಕೆ ಕಟ್ ಅನ್ನುತ್ತಾರೆ. ಗೆರೆಯ ಕೆಳಗೆ ಬಿದ್ದವನು ಚೀಲ ಹೊತ್ತುಕೊಂಡು ಮನೆಗೆ. ವಿಮಾನದ ದುಡ್ಡು, ಹೋಟೆಲಿನ ದುಡ್ಡು, ಕ್ಯಾಡಿಯ ಕೂಲಿ ಎಲ್ಲ ಕೈಯಿಂದಲೇ. ಒಂದು ಏಟು ಹೆಚ್ಚಾಯಿತು ಅಂತ ಬರಿಗೈಲಿ ಹೋದವರನ್ನು ನಾನೇ ನೋಡಿದ್ದೇನೆ. ಇದನ್ನು ಬೆಂಗಳೂರಿನ ಆಫೀಸಿನವರಿಗೆ ತಿಳಿಸಿ ಹೇಳುವುದು ಕಷ್ಟ. ಹಿತ್ತಿಲಲ್ಲಿ ಕೂತವರಿಗೆ ಎರಡನೇ ಮಾತು ಬೇಕಾಗಲಿಲ್ಲ.

2011ರಲ್ಲಿ ದೆಹಲಿಯಲ್ಲಿ ಪ್ಯಾನಸೋನಿಕ್ ಓಪನ್ ಗೆದ್ದ, ಅದು ಏಷ್ಯನ್ ಟೂರಿನಲ್ಲಿ ಮೊದಲ ಗೆಲುವು. 2012ರ ಬ್ರಿಟಿಷ್ ಓಪನ್‌ನಲ್ಲಿ ಒಂಬತ್ತನೇ ಹೋಲಿನಲ್ಲಿ ಒಂದೇ ಏಟಿಗೆ ಚೆಂಡು ಕುಳಿಗೆ. 2014ರಲ್ಲಿ ಇಂಡೋನೇಷ್ಯಾ, ಮಕಾವು. ಅದೇ ವರ್ಷ ಅರ್ಜುನ ಪ್ರಶಸ್ತಿ. ಇಲ್ಲಿಗೆ ಬಂದಾಗ ನಾನು ಬೇಗ ಬೇಗ ಹೇಳಿ ಮುಗಿಸುತ್ತೇನೆ, ಗೆದ್ದ ಪಟ್ಟಿ ಕೇಳುತ್ತ ಯಾರೂ ಎಚ್ಚರ ಇರುವುದಿಲ್ಲ.

ನಿಲ್ಲಬೇಕಾದದ್ದು 2015ರಲ್ಲಿ. ಅದು ಅವನ ವರ್ಷ. ಫೆಬ್ರವರಿಯಲ್ಲಿ ಮಲೇಷ್ಯನ್ ಓಪನ್ ಗೆದ್ದ. ಅದೇ ತಿಂಗಳು ದೆಹಲಿಯಲ್ಲಿ ಇಂಡಿಯನ್ ಓಪನ್, ಎಸ್‌.ಎಸ್‌.ಪಿ. ಚೌರಾಸಿಯಾ ಬಹಳ ಮುಂದಿದ್ದ, ಕೊನೆಯ ದಿನ ಲಾಹಿರಿ ಹಿಂದಿನಿಂದ ಬಂದು ಹಿಡಿದು ಪ್ಲೇಆಫ್‌ನಲ್ಲಿ ಸೋಲಿಸಿದ. ಲೋಕದ ರ‍್ಯಾಂಕಿಂಗ್‌ನಲ್ಲಿ 33ಕ್ಕೆ ಏರಿದ. ಆಗಸ್ಟಿನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ವಿಸ್ಲಿಂಗ್ ಸ್ಟ್ರೇಟ್ಸ್‌ನಲ್ಲಿ ಪಿಜಿಎ ಚಾಂಪಿಯನ್‌ಷಿಪ್. ಅಲ್ಲಿ ಆಟ ಶುರುವಾಗುವ ಮುಂಚೆ ಒಂದು ಸ್ಪರ್ಧೆ ಇಟ್ಟಿದ್ದರು: ಯಾರು ಎಲ್ಲರಿಗಿಂತ ಉದ್ದ ಹೊಡೆಯುತ್ತಾರೆ, ಅಷ್ಟೇ. ಲೋಕದ ಘಟಾನುಘಟಿಗಳೆಲ್ಲ ಹೊಡೆದರು. ಗೆದ್ದದ್ದು ಲಾಹಿರಿ, 327 ಗಜ.

"ಅಂದ್ರೆ ಎಷ್ಟು ದೂರ ಆಗ್ತತಿ?" ಅಂದ ಅಳಿಯ. ಮುನ್ನೂರು ಮೀಟರಿಗೆ ಒಂದೇ ಮೀಟರ್ ಕಡಿಮೆ. ನಮ್ಮ ಬದುವಿನಲ್ಲಿ ನಿಂತು ಹೊಡೆದರೆ ಮೂರು ಮನೆಯವರ ತೋಟ ದಾಟಿ ಬೀಳುತ್ತದೆ. ಚೆಂಡಿನ ತೂಕ ನಲವತ್ತಾರು ಗ್ರಾಂ.

ಆ ವಾರ ಬರೀ ಹೊಡೆತದ ಸ್ಪರ್ಧೆಯಲ್ಲ, ಆಟದಲ್ಲೂ ಮೆರೆದ. ಐದನೇ ಸ್ಥಾನ ಹಂಚಿಕೊಂಡ. ಮೇಜರ್ ಅನ್ನುವ ದೊಡ್ಡ ಟೂರ್ನಿಗಳಲ್ಲಿ ಅಲ್ಲಿಯವರೆಗೆ ಭಾರತದವನೊಬ್ಬ ಅಷ್ಟು ಮೇಲೆ ಹೋಗಿರಲಿಲ್ಲ.

ಅಕ್ಟೋಬರಿನಲ್ಲಿ ಕೊರಿಯಾದ ಇಂಚಾನ್. ಪ್ರೆಸಿಡೆಂಟ್ಸ್ ಕಪ್ಪು: ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಯೂರೋಪು ಬಿಟ್ಟು ಉಳಿದ ಲೋಕ. ಆ ತಂಡಕ್ಕೆ ಆಯ್ಕೆಯಾದ ಮೊದಲ ಭಾರತೀಯ ಇವನು. ಕೊನೆಯ ದಿನ ಕ್ರಿಸ್ ಕಿರ್ಕ್ ಎದುರು. ಹದಿನೆಂಟನೇ ಹೋಲಿಗೆ ಬಂದಾಗ ಇಬ್ಬರೂ ಸಮ. ಲಾಹಿರಿ ಸಣ್ಣ ಏಟಿನಲ್ಲಿ ಚಿಪ್ ಮಾಡಿ ಚೆಂಡನ್ನು ನಾಲ್ಕಡಿಗೆ ತಂದಿಟ್ಟ. ಕಿರ್ಕ್ ಹದಿನೈದು ಅಡಿಯಾಚೆ. ನೋಡಿದವರೆಲ್ಲ ಲಾಹಿರಿಗೇ ಬರೆದುಕೊಟ್ಟರು. ಕಿರ್ಕ್ ಆ ಹದಿನೈದು ಅಡಿಯನ್ನು ಹಾಕಿಬಿಟ್ಟ. ಈಗ ಲಾಹಿರಿ ನಾಲ್ಕಡಿ ಹಾಕಿದರೆ ಸಮ. ಚೆಂಡು ಕುಳಿಯ ಅಂಚಿಗೆ ಬಡಿದು ತಿರುಗಿ ಹೊರಗೆ ನಿಂತಿತು. ಅಮೆರಿಕ ಹದಿನೈದೂವರೆ, ಇವರು ಹದಿನಾಲ್ಕೂವರೆ. ಅರ್ಧ ಅಂಕ ಇತ್ತ ಬಂದಿದ್ದರೆ ಕಪ್ಪು ಹಂಚಿಕೆಯಾಗುತ್ತಿತ್ತು. ಒಂದು ತಂಡದಲ್ಲಿ ಹನ್ನೆರಡು ಜನ ಆಡಿದ್ದರು, ಬೇರೆಯವರೂ ಸೋತಿದ್ದರು. ಆದರೂ ಜನಕ್ಕೆ ನೆನಪಿರುವುದು ಆ ನಾಲ್ಕಡಿ ಮಾತ್ರ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಕುಳಿ ಕೊರೆದ ಕೈಗೆ ಗೊತ್ತು: ಅಂಚಿನ ಹುಲ್ಲು ಒಂದು ಕೂದಲೆಳೆ ಎದ್ದಿದ್ದರೂ ಚೆಂಡಿನ ದಾರಿ ಬೇರೆಯಾಗುತ್ತದೆ.

ಅಲ್ಲಿಂದ ಇಳಿಜಾರು. ಅಮೆರಿಕದ ಟೂರಿನಲ್ಲಿ ಆಡುವ ಹಕ್ಕು ಸಿಕ್ಕಿತು, ಗೆಲುವು ಸಿಗಲಿಲ್ಲ. ಅಲ್ಲಿ ಉದ್ದ ಹೊಡೆಯುವವರಿಗೆ ಬರವಿಲ್ಲ, ಇಲ್ಲಿಯ ದೊಡ್ಡ ಹೊಡೆತ ಅಲ್ಲಿ ಸಾಮಾನ್ಯ. ಒಂದು ಹಂತದಲ್ಲಿ ಟೂರಿನ ಕಾರ್ಡಿಗೇ ಪರದಾಡಬೇಕಾಯಿತು. 2021ರ ಆಗಸ್ಟಿನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವನೂ ಇದ್ದ, ಆದರೆ ಊರಿಗೆ ಊರೇ ನೋಡಿದ್ದು ಬೆಂಗಳೂರಿನ ಅದಿತಿ ಅಶೋಕ್‌ಳನ್ನು. ಜೊತೆಯವರಿಗಿಂತ ಎಷ್ಟೋ ಗಜ ಹಿಂದೆ ಬೀಳುತ್ತಿತ್ತು ಅವಳ ಚೆಂಡು. ಗ್ರೀನಿನ ಮೇಲೆ ಪಟ್ಟರ್ ಹಿಡಿದಳೋ, ಹಾಕಿದ್ದೇ ಹಾಕಿದ್ದು. ನಾಲ್ಕನೇ ಸ್ಥಾನ, ಒಂದು ಏಟಿನಲ್ಲಿ ಪದಕ ತಪ್ಪಿತು. ನಮ್ಮ ಬೀದಿಯ ಹೆಣ್ಣುಮಕ್ಕಳು ಮೊದಲ ಸಲ ನನ್ನನ್ನು ಕರೆದು ಗಾಲ್ಫ್ ಅಂದರೇನು ಅಂತ ಕೇಳಿದ್ದು ಆ ಶನಿವಾರ.

ಈಗ ಅಳಿಯ ಕಾಯುತ್ತಿರುವ ರಾತ್ರಿ. 2022ರ ಮಾರ್ಚ್. ತೋಟಕ್ಕೆ ನೀರು ಬಿಡಬೇಕಿತ್ತು, ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ. ಮೋಟ್ರು ಮನೆ ಮುಂದೆ ಚೀಲ ಹಾಸಿಕೊಂಡು ನಾನು, ಅಳಿಯ. ಫ್ಲೋರಿಡಾದ ಸಾಗ್ರಾಸ್‌ನಲ್ಲಿ ಪ್ಲೇಯರ್ಸ್ ಚಾಂಪಿಯನ್‌ಷಿಪ್. ಒಟ್ಟು ಬಹುಮಾನ 2 ಕೋಟಿ ಡಾಲರ್. ಗುರುವಾರ ಶುರುವಾದದ್ದು ಮಳೆ, ಗಾಳಿಗೆ ಸಿಕ್ಕಿ ಭಾನುವಾರ ಮುಗಿಯದೆ ಸೋಮವಾರಕ್ಕೆ ಬಿದ್ದಿತ್ತು. ಮೂರು ಸುತ್ತು ಮುಗಿದಾಗ ಎಲ್ಲರಿಗಿಂತ ಮೇಲೆ ಇದ್ದ ಹೆಸರು ಲಾಹಿರಿ. ಅವನ ರ‍್ಯಾಂಕಿಂಗ್ ಆಗ 322. ಪಟ್ಟಿಯ ತುದಿಯಲ್ಲಿ ಆ ಹೆಸರು ನೋಡಿ ನನ್ನ ಫೋನೇ ಕೆಟ್ಟಿತೇನೋ ಅಂದುಕೊಂಡೆ.

ತೋಟದಲ್ಲಿ ವಿಡಿಯೊ ನೋಡುವಷ್ಟು ಸಿಗ್ನಲ್ ಇಲ್ಲ. ಬರೀ ಅಂಕಿ ಬರುತ್ತಿತ್ತು, ಅದೂ ತಡೆದು ತಡೆದು. ಎಂಟನೇ ಹೋಲು, ಸಣ್ಣದಲ್ಲ, ಒಂದೇ ಏಟಿಗೆ ಇನ್ನೂರು ಗಜ ದಾಟಿ ಗ್ರೀನ್ ಮುಟ್ಟಬೇಕು. ಅಲ್ಲಿ ಹೋಲಿಗೆ ಗೊತ್ತುಮಾಡಿದ ಲೆಕ್ಕಕ್ಕಿಂತ ಎರಡು ಏಟು ಜಾಸ್ತಿ ಬಿತ್ತು. "ಹೋತು ಬಿಡು" ಅಂದ ಅಳಿಯ, ಮಡೆ ತಿರುಗಿಸಲು ಎದ್ದ. ಅವನು ನೀರು ನೋಡಿಕೊಂಡು ಬರುವುದರೊಳಗೆ ಲಾಹಿರಿ ಹನ್ನೊಂದನೇ ಹೋಲಿನಲ್ಲಿ ಎರಡು ಏಟು ಉಳಿಸಿಬಿಟ್ಟಿದ್ದ. ಐದು ಏಟಿನ ಹೋಲು, ಮೂರರಲ್ಲಿ ಮುಗಿಸಿದ್ದ. ಉದ್ದ ಹೊಡೆಯುವವನಿಗೆ ಅಂಥ ಕಡೆಯೇ ಲಾಭ: ಬೇರೆಯವರು ಮೂರು ಏಟಿಗೆ ತಲುಪುವ ಗ್ರೀನನ್ನು ಅವನು ಎರಡರಲ್ಲಿ ಮುಟ್ಟುತ್ತಾನೆ.

ಮುಂದಿನ ಗುಂಪಿನಲ್ಲಿ ಆಸ್ಟ್ರೇಲಿಯಾದ ಕ್ಯಾಮರಾನ್ ಸ್ಮಿತ್. ಆ ದಿನ ಅವನಿಗೆ ಹತ್ತು ಬರ್ಡಿ, ಅಂದರೆ ಹತ್ತು ಹೋಲಿನಲ್ಲಿ ಒಂದೊಂದು ಏಟು ಉಳಿತಾಯ. ಅವನೇನೂ ದೊಡ್ಡ ಹೊಡೆತಗಾರನಲ್ಲ, ಪಟ್ಟರ್‌ನಲ್ಲಿ ಬದುಕುವವನು. ಹದಿನೇಳನೇ ಹೋಲು ಸುತ್ತಲೂ ನೀರು, ನಡುವೆ ದ್ವೀಪದಂಥ ಗ್ರೀನು, ದೂರ ಬರೀ 137 ಗಜ. ಅಲ್ಲಿ ಉದ್ದ ಹೊಡೆತಕ್ಕೆ ಬೆಲೆಯೇ ಇಲ್ಲ. ಸ್ಮಿತ್ ಹೊಡೆದ ಚೆಂಡು ನೀರಿನ ಪಕ್ಕದ ಬಾವುಟದ ಹತ್ತಿರವೇ ಬಿದ್ದು ಬರ್ಡಿ ಆಯಿತು. ಹದಿನೆಂಟಕ್ಕೆ ಹೋಗಿ ಮರದ ಕೆಳಗೆ ಚೆಂಡು ಕಳಿಸಿ, ಅಲ್ಲಿಂದ ತೆಗೆಯಲು ಹೋಗಿ ನೀರಿಗೆ ಹಾಕಿದ. ನಮ್ಮ ಫೋನಿನಲ್ಲಿ ಇದ್ಯಾವುದೂ ಗೊತ್ತಾಗಲಿಲ್ಲ. ಅಂಕಿ ನಿಂತೇ ಹೋಗಿತ್ತು. ಆಮೇಲೆ ಒಂದು ಏಟು ಮಾತ್ರ ಕಳೆದುಕೊಂಡದ್ದು ಕಾಣಿಸಿತು. ನೀರಿಗೆ ಹಾಕಿಯೂ ಒಂದೇ ಏಟಿನ ನಷ್ಟದಲ್ಲಿ ಪಾರಾದದ್ದು ಕೊನೆಯ ಸಣ್ಣ ಏಟನ್ನು ಕುಳಿಯ ಮಗ್ಗುಲಿಗೆ ತಂದಿಟ್ಟಿದ್ದರಿಂದ ಅಂತ ಮಾರನೆ ದಿನ ವಿಡಿಯೊ ನೋಡಿದಾಗ ತಿಳಿಯಿತು.

ಲಾಹಿರಿ ಹದಿನೇಳರಲ್ಲಿ ತಾನೂ ಬರ್ಡಿ ಹೊಡೆದ. ಉಳಿದದ್ದು ಒಂದೇ ಹೋಲು, ಅಂತರ ಒಂದೇ ಏಟು. ಅಳಿಯ ಮೋಟ್ರು ಆಫ್ ಮಾಡಿ ಬಂದು ಕೂತ. ಕರೆಂಟು ಇರುವಾಗ ಮೋಟ್ರು ನಿಲ್ಲಿಸಿದ್ದು ಅದೇ ಮೊದಲು. ಎಡಕ್ಕೆ ಉದ್ದಕ್ಕೂ ಕೆರೆ. ಎರಡನೇ ಏಟು ಗ್ರೀನಿಗೆ ಸ್ವಲ್ಪ ಮೊದಲೇ ನಿಂತಿತು. ಅಲ್ಲಿಂದ ಚಿಪ್ ಮಾಡಿ ನೇರ ಕುಳಿಗೆ ಹಾಕಿದರೆ ಪ್ಲೇಆಫ್. ಹಾಕಲಾಗಲಿಲ್ಲ. ಫೋನಿನಲ್ಲಿ ಉಳಿಸಿದ ಏಟಿನ ಲೆಕ್ಕ ಅವನ ಹೆಸರಿನ ಮುಂದೆ 12, ಸ್ಮಿತ್ ಮುಂದೆ 13. ಅಮೆರಿಕದ ಟೂರಿನಲ್ಲಿ 2010ರಲ್ಲಿ ಅರ್ಜುನ್ ಅಟ್ವಾಲ್ ಗೆದ್ದ ಮೇಲೆ ಇನ್ನೊಬ್ಬ ಭಾರತೀಯ ಗೆಲ್ಲುವುದು ಹೀಗೆ ಒಂದು ಏಟಿಗೆ ನಿಂತುಹೋಯಿತು.

ಅಳಿಯ ಬಾಯಿಗೆ ಬಂದದ್ದು ಬೈದ. ನಾನು ಬೈಯಲಿಲ್ಲ. 322ರಲ್ಲಿದ್ದವನು ಐದು ದಿನದಲ್ಲಿ 89ಕ್ಕೆ ಏರಿದ್ದ. ಎರಡನೇ ಬಹುಮಾನ 21 ಲಕ್ಷದ 80 ಸಾವಿರ ಡಾಲರ್, ಆ ದಿನದ ಲೆಕ್ಕದಲ್ಲಿ ಹದಿನಾರೂವರೆ ಕೋಟಿ ರೂಪಾಯಿಗೆ ಮೇಲೆ.

ಅದೇ ವರ್ಷ ಆಗಸ್ಟ್ ಕೊನೆಗೆ ಲಾಹಿರಿ, ಸ್ಮಿತ್ ಇಬ್ಬರೂ ಸೌದಿ ದುಡ್ಡಿನ ಲಿವ್ ಗಾಲ್ಫ್ ಸೇರಿದರು. ಅಲ್ಲಿ ಕಟ್ ಇಲ್ಲ. ಕೊನೆಯ ಸ್ಥಾನಕ್ಕೂ ದುಡ್ಡುಂಟು. ಲಾಹಿರಿ ಸೇರಿದ್ದು ಕ್ರಷರ್ಸ್ ತಂಡಕ್ಕೆ. ಅದರ ನಾಯಕ ಬ್ರೈಸನ್ ಡಿಶಾಂಬೊ, ಮೈ ಬೆಳೆಸಿ ಬೆಳೆಸಿ ಚೆಂಡನ್ನು ಎಲ್ಲರಿಗಿಂತ ದೂರ ಅಟ್ಟಿದ ಆಸಾಮಿ. ಸಾಗ್ರಾಸ್‌ನಲ್ಲಿ ಮೂರನೆಯವನಾದ ಪಾಲ್ ಕೇಸಿಯೂ ಅದೇ ತಂಡ. 2023ರಲ್ಲಿ ತಂಡ ಚಾಂಪಿಯನ್ ಆಯಿತು. ನನಗೆ ಈ ಲಿವ್ ಆಟದ ಮೇಲೆ ಅಷ್ಟು ಮನಸ್ಸಿಲ್ಲ, ಗೆರೆ ಇಲ್ಲದ ಕಡೆ ಎದೆ ಹೊಡೆದುಕೊಳ್ಳುವುದಿಲ್ಲ. ಅಳಿಯ ಒಪ್ಪುವುದಿಲ್ಲ. "ಗೊನೆ ಕಡಿಯೋಕ್ ಮುಂಚೆ ಖೇಣಿದಾರ ಬಂದು ಇಡೀ ತೋಟಕ್ಕೆ ದುಡ್ಡು ಎಣಿಸಿದ್ರೆ ನೀನು ಬ್ಯಾಡ ಅಂತೀಯಾ ಮಾವ?" ಅನ್ನುತ್ತಾನೆ. ಹೋದ ವರ್ಷ ನಮ್ಮ ಬೀದಿಯಲ್ಲಿ ಬೇಡ ಅಂದವರು ಯಾರೂ ಇರಲಿಲ್ಲ, ನಿಜ.

2024ರ ಜುಲೈಯಲ್ಲಿ ಸ್ಪೇನ್‌ನ ವಾಲ್ಡೆರಾಮಾದಲ್ಲಿ ಮತ್ತೆ ಗೆಲುವಿನ ಬಾಗಿಲಿಗೆ ಬಂದ. ಅಲ್ಲಿಯ ಮನೆಮಗ ಸೆರ್ಜಿಯೊ ಗಾರ್ಸಿಯಾ ಜೊತೆ ಪ್ಲೇಆಫ್, ಮತ್ತೆ ಎರಡನೇ ಸ್ಥಾನ. ಇದನ್ನು ಹೇಳಿದಾಗ ಅಷ್ಟು ಹೊತ್ತು ಬಾಯಿ ಬಿಡದೆ ಸುಲಿಯುತ್ತಿದ್ದ ಅಕ್ಕ ತಲೆಯೆತ್ತಿ, "ಈ ಸಲ ಎರಡನೇದಕ್ಕೆ ಎಷ್ಟು ಕೊಟ್ರು?" ಅಂದಳು. ಸಾಗ್ರಾಸ್‌ಗಿಂತ ಸ್ವಲ್ಪ ಹೆಚ್ಚೇ ಅಂದೆ.

"ಹಂಗಾರೆ ನೀವಿಬ್ರೂ ಯಾಕೆ ಇಷ್ಟು ಸಂಕಟ ಪಡ್ತೀರಿ?" ಅಂದು ಮೆಟ್ಟುಗತ್ತಿಗೆ ಇನ್ನೊಂದು ಕಾಯಿ ಒತ್ತಿದಳು. ಅಳಿಯ ಅವಳಿಗೆ ಹದಿನೆಂಟನೇ ಹೋಲನ್ನು ಮೊದಲಿಂದ ಬಿಡಿಸಿ ಹೇಳಲು ಶುರುಮಾಡಿದ.