ಹೇಳಿದಂತೆ ಮಾಡುವ ಯಂತ್ರ

ಆಳು ಹೇಳಿದ ಮಾತು ಕೇಳಬೇಕೆಂಬುದು ಎಲ್ಲ ಯಜಮಾನರ ಬಯಕೆ. ಆದರೆ ವಿಧೇಯತೆ ಮಿತಿಮೀರಿದರೆ ಏನಾದೀತೆಂಬುದನ್ನು ಕೆನಡಾ ದೇಶದ ಲೈನಸ್ ಸೆಬಾಸ್ಟಿಯನ್ 2021ರಲ್ಲಿ ಕಂಡುಕೊಂಡರು. ಕಂಪ್ಯೂಟರುಗಳ ವಿಷಯವನ್ನು ಯೂಟ್ಯೂಬಿನಲ್ಲಿ ಲಕ್ಷಾಂತರ ಜನರಿಗೆ ತಿಳಿಯಹೇಳುವವರು ಅವರು, ಏನೂ ಅರಿಯದವರಲ್ಲ. ವಿಂಡೋಸನ್ನು ಬಿಟ್ಟು ಲಿನಕ್ಸಿನಲ್ಲಿಯೇ ಆಟವಾಡಿ ನೋಡುವುದೆಂದು ಗೆಳೆಯರೊಬ್ಬರೊಡನೆ ಪಂತ ಹೂಡಿ, ಪಾಪ್ ಓಎಸ್ ಎಂಬ ಬಗೆಯನ್ನು ಅಳವಡಿಸಿಕೊಂಡರು. ಆಟಗಳ ಅಂಗಡಿಯಾದ ಸ್ಟೀಮನ್ನು ಹಾಕಿಕೊಳ್ಳಹೋದಾಗ ಗುಂಡಿ ಒತ್ತಿದರೂ ಕೆಲಸವಾಗಲಿಲ್ಲ. ಆಜ್ಞೆಯನ್ನು ಟೈಪ್ ಮಾಡಿದರು. ಅತ್ಯಗತ್ಯವಾದ ಭಾಗಗಳು ಅಳಿಸಿಹೋಗುವುವೆಂದು ಯಂತ್ರ ಎಚ್ಚರಿಸಿತು. ಒಪ್ಪಿಗೆಯಿದ್ದರೆ ‘ಹೌದು, ನಾನು ಹೇಳಿದಂತೆ ಮಾಡು’ ಎಂದು ಅಕ್ಷರ ತಪ್ಪದೆ ಬರೆಯಬೇಕೆಂದಿತು. ಅವರು ಬರೆದರು. ಯಂತ್ರ ಹೇಳಿದಂತೆಯೇ ಮಾಡಿತು! ಕಿಟಕಿಗಳೂ ಚಿತ್ರಗಳೂ ಮಾಯವಾಗಿ, ಕಪ್ಪು ತೆರೆಯ ಮೇಲೆ ಬರಿಯ ಅಕ್ಷರಗಳು ಉಳಿದವು. ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡ ಭಸ್ಮಾಸುರನ ಕಥೆಯಂತಾಯಿತು. ತಪ್ಪೆಲ್ಲ ಅವರದೇ ಎನ್ನಲಾಗದು. ತಂತ್ರಾಂಶದ ಭಾಗಗಳ ಹೊಂದಾಣಿಕೆಯಲ್ಲಿಯೇ ದೋಷವೊಂದು ನುಸುಳಿತ್ತು.

ಇಂಥ ಆಪತ್ತಿಗೆ ಕೆಲವರು ಬೇರೊಂದು ದಾರಿ ಹಿಡಿದಿದ್ದಾರೆ. ವ್ಯವಸ್ಥೆಯ ತಳಹದಿಗೆ ಬೀಗ ಹಾಕುವುದು, ಓದಬಹುದು, ತಿದ್ದಲಾಗದು. ‘ಇಮ್ಯೂಟಬಲ್’ ಎಂದು ಇವಕ್ಕೆ ಹೆಸರು. ಫೆಡೋರಾದವರ ಸಿಲ್ವರ್‌ಬ್ಲೂ ಒಂದು. ಅದೇ ಪರಂಪರೆಯಲ್ಲಿ ಆಟಗಾರರಿಗೆಂದು ಸಿದ್ಧವಾದ ಬಜೈಟ್ ಇನ್ನೊಂದು. ವಾಲ್ವ್ ಸಂಸ್ಥೆ 2022ರ ಫೆಬ್ರವರಿಯಲ್ಲಿ ಹೊರತಂದ ಸ್ಟೀಮ್ ಡೆಕ್ ಎಂಬ ಕೈಯಂತ್ರದೊಳಗಿನ ಸ್ಟೀಮ್‌ಓಎಸ್ ಮತ್ತೊಂದು.

ಇವುಗಳ ಜಾಣ್ಮೆಯಿರುವುದು ಬೀಗದಲ್ಲಲ್ಲ, ಹಳೆಯದನ್ನು ಉಳಿಸಿಕೊಳ್ಳುವುದರಲ್ಲಿ. ಸಂಸಾರ ನಡೆಯುತ್ತಿರುವ ಮನೆಯ ಗೋಡೆ ಕೆಡವಿ ರಿಪೇರಿ ಮಾಡುವುದು ಹಳೆಯ ಪದ್ಧತಿ. ನಡುವೆ ಕರೆಂಟು ಹೋದರೆ ಬಯಲೇ ಗತಿ. ಇಲ್ಲಿಯಾದರೋ ಪಕ್ಕದಲ್ಲಿಯೇ ಇಡೀ ಹೊಸ ಮನೆ ಎದ್ದು ನಿಲ್ಲುತ್ತದೆ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಹಾಲುಕ್ಕಿಸಿ ಒಳಹೊಕ್ಕರಾಯಿತು. ಸೂರು ಸೋರಿತೇ? ಹಳೆಯ ಮನೆಯ ಬೀಗದ ಕೈ ಇನ್ನೂ ಸೊಂಟದಲ್ಲಿಯೇ ಇದೆ: ಬಜೈಟಿನಲ್ಲಿ ಆರಂಭದ ಪಟ್ಟಿಯಿಂದ ಹಿಂದಿನ ಆವೃತ್ತಿಯನ್ನು ಆರಿಸಿಕೊಂಡರೆ ಸಾಕು. ಪತ್ರ, ಭಾವಚಿತ್ರ, ಆಟದ ಉಳಿತಾಯಗಳು ಬೇರೆಯೇ ಕೋಣೆಯಲ್ಲಿರುವುದರಿಂದ ಅವಕ್ಕೆ ಧಕ್ಕೆಯಿಲ್ಲ. ಆದರೆ ಕೈತಪ್ಪಿ ಅಳಿಸಿದ ಮದುವೆಯ ಫೋಟೋಗಳನ್ನು ಈ ಏರ್ಪಾಡು ಮರಳಿಸದು. ಅದಕ್ಕೆ ಪ್ರತಿಯನ್ನೇ ಇಟ್ಟುಕೊಳ್ಳಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರವನ್ನು ಎಸೆಯಲೊಲ್ಲದ ಮಗನೊಬ್ಬ ತಂದೆಗೆ ಲಿನಕ್ಸ್ ಹಾಕಿಕೊಟ್ಟು ದೂರದೂರಿಗೆ ಹೊರಟನೆನ್ನಿ. ಬ್ರೌಸರ್, ಸಿನಿಮಾ, ನಾಲ್ಕು ಪತ್ರ — ಅಷ್ಟೇ ಬೇಕಾದ ಆ ಹಿರಿಯರಿಗೆ ಬೀಗ ಕಾಣಿಸುವುದೂ ಇಲ್ಲ. ಅವರಿಗೆ ಬೇಕಾದ ತಂತ್ರಾಂಶಗಳು ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ, ತಳಹದಿಯನ್ನು ಸೋಕದೆ ಬಂದು ಕೂರುತ್ತವೆ. ಅಪರೂಪದ ಪ್ರಿಂಟರಿಗೆ ತಳಹದಿಯಲ್ಲಿಯೇ ಏನಾದರೂ ಸೇರಿಸಬೇಕಾಗಿ ಬಂದರೆ ಮಾತ್ರ ಮಗನಿಗೆ ಫೋನು ಹೋಗುತ್ತದೆ.

ಆಟಗಾರರ ಕಷ್ಟವೇ ಬೇರೆ. ವಿಂಡೋಸಿನ ಆಟಗಳನ್ನು ಲಿನಕ್ಸಿನಲ್ಲಿ ನಡೆಸುವ ಪ್ರೋಟಾನ್ 2018ರಲ್ಲಿಯೇ ಬಂದಿತು. ಆದರೂ ಮೋಸ ತಡೆಯುವ ಕಾವಲು ತಂತ್ರಾಂಶದ ಕಾರಣದಿಂದ ಫೋರ್ಟ್‌ನೈಟ್‌ನಂಥವು ನೇರವಾಗಿ ನಡೆಯುವುದಿಲ್ಲ. ಇದು ಬೀಗದ ದೋಷವಲ್ಲ, ಲಿನಕ್ಸಿಗೆಲ್ಲ ಅಂಟಿದ ಕೊರತೆ.

ಎಲ್ಲವನ್ನೂ ಬಿಚ್ಚಿ ನೋಡುವ ಹವ್ಯಾಸಿಗಳು ಈ ಬೀಗಕ್ಕೆ ಸಿಡಿಮಿಡಿಗೊಳ್ಳುತ್ತಾರೆ, ಅದು ನ್ಯಾಯವೇ. ಸ್ಟೀಮ್‌ಓಎಸ್‌ನಲ್ಲಿ ಒಂದೇ ಆಜ್ಞೆಯಿಂದ ಬೀಗ ತೆಗೆಯಲೂಬಹುದು. ಯಂತ್ರ ಆಗಲೂ ಹೇಳಿದಂತೆ ಕೇಳುತ್ತದೆ. ಆದರೆ ಮುಂದಿನ ಆವೃತ್ತಿ ಬಂದ ದಿನ, ಅಲ್ಲಿ ಅವರು ಕೈಯಾರೆ ಸೇರಿಸಿದ್ದೆಲ್ಲ ಹೇಳದೆ ಕೇಳದೆ ಕಾಣೆಯಾಗಿರುತ್ತದೆ.