ವಿಷಯವನ್ನು ಆರಿಸುವ ಮುನ್ನ

ಕಳೆದ ಜೂನ್ ತಿಂಗಳ ಒಂದು ಸಂಜೆ ಇಚಲಕರಂಜಿಯಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಮನೆಗೆ ಬಂದಳು. ತಂದೆ ಗಡಹಿಂಗ್ಲಜ ತಾಲೂಕಿನ ನಮ್ಮ ಊರಿನವರೇ. ಹೊಟ್ಟೆಪಾಡಿಗಾಗಿ ಮಗ್ಗದ ಕೆಲಸಕ್ಕೆ ಹೋದವರು. ಮಗಳು ಹನ್ನೆರಡನೆಯ ತರಗತಿಯಲ್ಲಿ ತೇರ್ಗಡೆಯಾಗಿದ್ದಳು. ಕಾಲೇಜಿನ ಅರ್ಜಿಯನ್ನು ನಮ್ಮ ಮುಂದಿಟ್ಟು, “ಗುರುಗಳ, ಇದರಾಗ ಯಾವ ವಿಷಯ ತಗೋಬೇಕ್ರಿ?” ಎಂದಳು.

ನಾವು ಅಧ್ಯಾಪಕ ತರಬೇತಿಗೆ ಸೇರಿದಾಗ ಇಂಥ ಪ್ರಶ್ನೆಯೇ ಏಳಲಿಲ್ಲ. ಇದ್ದ ವಿಷಯಗಳನ್ನೇ ಎಲ್ಲರೂ ಓದಿದೆವು. ಈಗ ಕಾಲ ಬೇರೆ. 1962ರಲ್ಲಿ ಕೊಲ್ಹಾಪುರದಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯದ ಕಾಲೇಜುಗಳಿಗೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಕ್ರಮ ಬಂದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷಗಳ ಪದವಿಗೆ ಕನಿಷ್ಠ 120 ಕ್ರೆಡಿಟ್ ಬೇಕು. ಅದರಲ್ಲಿ 60 ಪ್ರಧಾನ ವಿಷಯಕ್ಕೆ, 24 ಉಪವಿಷಯಕ್ಕೆ. ಉಳಿದವು ಭಾಷೆ, ಕೌಶಲ ಮೊದಲಾದವುಗಳಿಗೆ. ನಾಲ್ಕನೆಯ ವರ್ಷವನ್ನೂ ಓದುವವರಿಗೆ 160. ಒಂದು ವರ್ಷಕ್ಕೇ ನಿಲ್ಲಬೇಕಾದವರು ಕೌಶಲದ ಚಿಕ್ಕ ಪಾಠವನ್ನೂ ಮುಗಿಸಿದ್ದರೆ ಪ್ರಮಾಣಪತ್ರ, ಎರಡು ವರ್ಷಕ್ಕೆ ಡಿಪ್ಲೊಮಾ ಪಡೆಯಬಹುದು. ಮೂರು ವರ್ಷಗಳೊಳಗೆ ಮರಳಿ ಬಂದು ಓದನ್ನು ಮುಂದುವರಿಸಲೂಬಹುದು.

ಇದನ್ನು ಓದುವಾಗ ನಮಗೆ ಒಬ್ಬ ಶಿಷ್ಯನ ನೆನಪಾಗುತ್ತದೆ. ಕಥೆ, ಕವಿತೆ ಎಂದರೆ ಪ್ರಾಣ ಬಿಡುತ್ತಿದ್ದ ಹುಡುಗ. “ಹೊಟ್ಟೆ ತುಂಬುವುದನ್ನು ಓದು” ಎಂದು ಅವನನ್ನು ನಾವೇ ವಿಜ್ಞಾನಕ್ಕೆ ಹಚ್ಚಿದೆವು. ಎರಡನೆಯ ವರ್ಷ ಅರ್ಧಕ್ಕೆ ಬಿಟ್ಟು ಬಂದ. ಆಗ ಅವನ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ನಿನಗೇನು ಬೇಕೆಂದು ನಾವು ಅವನನ್ನು ಒಮ್ಮೆಯೂ ಕೇಳಿರಲಿಲ್ಲ.

ಆದುದರಿಂದ ಈ ಸಲ ಉತ್ತರ ಹೇಳದೆ, “ನಿನಗೆ ಏನು ತಿಳಿಯಬೇಕಾಗಿದೆ, ತಂಗಿ?” ಎಂದು ಕೇಳಿದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಹಗಲೂ ರಾತ್ರಿ ಮಗ್ಗ ನಡಸೋರ ಮನ್ಯಾಗ ಸಾಲ ಯಾಕ ತೀರೂದಿಲ್ರಿ?” ಎಂದಳು. ತಂದೆ ತಲೆ ತಗ್ಗಿಸಿದರು.

ಪ್ರಶ್ನೆ ಸ್ಪಷ್ಟವಾದ ಮೇಲೆ ವಿಷಯಗಳ ಆಯ್ಕೆ ಕಠಿಣವಾಗಲಿಲ್ಲ. ಅರ್ಥಶಾಸ್ತ್ರ ಪ್ರಧಾನ ವಿಷಯವಾಯಿತು. ತಂದೆಯ ಇಚ್ಛೆಯಂತೆ ಲೆಕ್ಕಶಾಸ್ತ್ರ ಉಪವಿಷಯವಾಯಿತು. ಕನ್ನಡವನ್ನೂ ಆರಿಸುವ ಆಸೆ ಅವಳಿಗಿತ್ತು. ಆದರೆ ಆ ಕಾಲೇಜಿನಲ್ಲಿ ಕನ್ನಡ ಕಲಿಸುವವರಿರಲಿಲ್ಲ. ಆಯ್ಕೆಯ ಸ್ವಾತಂತ್ರ್ಯ ನಿಯಮದಲ್ಲಿ ಎಷ್ಟೇ ವಿಶಾಲವಾಗಿರಲಿ, ಕಲಿಸುವ ಅಧ್ಯಾಪಕರಿಲ್ಲದಿದ್ದರೆ ಅದು ಕಾಗದದಲ್ಲಿಯೇ ಉಳಿಯುತ್ತದೆ. ಕನ್ನಡವನ್ನು ಮನೆಯಲ್ಲಿಯೇ ಓದುತ್ತೇನೆಂದು ಆಕೆ ಹೇಳಿದಳು. ನಮಗೆ ಸಮಾಧಾನವಾಯಿತು, ಪೂರ್ತಿ ಆಗಲಿಲ್ಲ.

ಆದಕಾರಣ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟು: ಅರ್ಜಿ ತುಂಬುವ ಮೊದಲು ಮಕ್ಕಳ ಮನಸ್ಸನ್ನು ಕೇಳಿರಿ. ಅನಂತರ ಕಾಲೇಜಿಗೆ ಹೋಗಿ, ಬೇಕಾದ ಉಪವಿಷಯವನ್ನು ಅಲ್ಲಿ ನಿಜವಾಗಿಯೂ ಕಲಿಸುವರೇ ಎಂದು ವಿಚಾರಿಸಿರಿ. ಬೆಳಗಾವಿ, ಧಾರವಾಡಗಳಿಗೆ ಕಳುಹಿಸುವವರು ಅಲ್ಲಿಯ ನಿಯಮವನ್ನು ಬೇರೆಯಾಗಿಯೇ ತಿಳಿದುಕೊಳ್ಳಿರಿ. ಕರ್ನಾಟಕವು 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿದೆ.

ಹೊರಡುವಾಗ ಆ ತಂದೆ ಬಾಗಿಲಲ್ಲಿ ನಿಂತು ಮೆಲ್ಲನೆ ಹೇಳಿದರು: “ಗುರುಗಳ, ಆಕಿ ಕೇಳಿದ್ದು ನನ್ನ ಪ್ರಶ್ನೆನ ಐತ್ರಿ. ನನಗ ಕೇಳಾಕ ಬಂದಿರಲಿಲ್ಲ.”